ಎರಡೂ 8ಎ, ಆದರೂ ಜಗಳ

ತಂಗಿಯ ಮದುವೆ ರಿಸೆಪ್ಷನ್‌ಗೆ ಎಪ್ಪತ್ತೈದು ನಿಮಿಷದ ಸೆಟ್ ಕಟ್ಟಬೇಕಿತ್ತು. ತಂಗಿ ಅಂದರೆ ಕಾಕಾನ ಮಗಳು. ಊರು ಹುಬ್ಬಳ್ಳಿ. ಕಾಕಾ ಪೇಟಿ (ಹಾರ್ಮೋನಿಯಂ) ಮಾಸ್ತರು. ವಯಸ್ಸಿನಲ್ಲಿ ನಾಟಕ ಕಂಪನಿಗಳಲ್ಲಿ ಕಾಲಪೇಟಿ ಬಾರಿಸಿದವರು, ಈಗ ಶ್ರಾವಣದಲ್ಲಿ ಗುಡಿಯ ಭಜನೆಗೆ ಕೂರುತ್ತಾರೆ. ನಾನು ಬೆಂಗಳೂರಿನಲ್ಲಿ ವಾರವೆಲ್ಲ ಆಫೀಸು, ಶನಿವಾರ ಡಿಜೆ. "ನೀನ ಮಾಡ್, ಹೊರಗಿನವರು ಬ್ಯಾಡ" ಎಂದು ಕಾಕಾ ಫೋನಿನಲ್ಲಿ ಹೇಳಿದರು. ಆಮೇಲೆ ಒಂದೇ ಷರತ್ತು: "ಹಾಡು ಕೆಡಸಬ್ಯಾಡ."

ಆ ಷರತ್ತಿನಿಂದಲೇ ಈ ದಿನಚರಿ ಇಷ್ಟು ಉದ್ದ ಆಯಿತು.

ಸೆಟ್ಟಿನ ಅಂದಾಜು ಹೀಗಿತ್ತು. ಮೊದಲ ಇಪ್ಪತ್ತೈದು ನಿಮಿಷ ನಿಧಾನ. ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಊಟಕ್ಕೆ ಏಳುತ್ತಾರೆ. ಅಲ್ಲಿಗೆ ಕಾಕಾನ ಕ್ಯಾಸೆಟ್ ಪೆಟ್ಟಿಗೆಯ ಹಳೆ ಹಾಡುಗಳು, 90ರ ಆಸುಪಾಸಿನ ಬಿಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಬೀಟು. ಆಮೇಲೆ ಕುಣಿತ: 117ರಿಂದ 126ರವರೆಗೆ, ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಟ್ರ್ಯಾಕ್‌ಗಳು, ಮಧ್ಯೆ ಮಧ್ಯೆ ನಮ್ಮ ಕಡೆಯ ದನಿ. ಸಾಮಾನು ಅಂಥದ್ದೇನಿಲ್ಲ. ಹಳೆ ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಕಂಟ್ರೋಲರ್, ಹೆಡ್‌ಫೋನ್, ದನಿ ಕತ್ತರಿಸಿ ತಿದ್ದಲು ಆಡಾಸಿಟಿ, ಫೋನಿನಲ್ಲೊಂದು ಟ್ಯೂನರ್. ನುಡಿಸಲು ಮಿಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್. ಇಂಗ್ಲಿಷಿನಲ್ಲಿ ಬರೆದರೆ ಕೊನೆಗೆ ಮೂರು ಎಕ್ಸ್ ಬರುತ್ತದಲ್ಲ, ಅದು. ಲೈಬ್ರರಿಯಲ್ಲಿ ಒಟ್ಟು 64 ಟ್ರ್ಯಾಕ್.

ಬೀಟು ಹೊಂದಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಈಗ ಬಟನ್ ಒತ್ತಿದರೆ ಆಗುತ್ತದೆ. ತಲೆನೋವು ಇರುವುದು ಸ್ವರದಲ್ಲಿ. ಒಂದು ಹಾಡು ಮುಗಿಯುತ್ತ ಇನ್ನೊಂದು ಏಳುವಾಗ ಎರಡೂ ಅರ್ಧ ನಿಮಿಷ ಒಟ್ಟಿಗೆ ಕೇಳುತ್ತವೆ. ಬೀಟು ಗಡಿಯಾರದ ಹಾಗೆ ಕೂತಿರುತ್ತದೆ, ಆದರೆ ಸ್ವರಗಳು ಒಂದಕ್ಕೊಂದು ತಾಗಿ ಹಲ್ಲು ಜುಂ ಅನ್ನುತ್ತದೆ. ಕುಣಿಯುವವರಿಗೆ ಕಾರಣ ಗೊತ್ತಾಗದೆ ಇರಬಹುದು. ಕಾಲು ನಿಧಾನ ಆಗುವುದಂತೂ ಹೌದು.

ಚಕ್ರ

ಹಾಡು ಯಾವ ಸ್ವರವನ್ನು ಷಡ್ಜ (ಸಾ) ಮಾಡಿಕೊಂಡು ಯಾವ ಸ್ವರಗಳಲ್ಲಿ ನಡೆಯುತ್ತದೋ ಅದು ಅದರ ಕೀ. ಕೀಗೆ ಕೀ ಹೊಂದಿಸಲು ಡಿಜೆಗಳು ಕ್ಯಾಮೆಲಾಟ್ ಚಕ್ರ ಬಳಸುತ್ತಾರೆ. ಮಾರ್ಕ್ ಡೇವಿಸ್ ಎಂಬವರು ರೂಪಿಸಿದ್ದು. ಮಿಕ್ಸ್ಡ್ ಇನ್ ಕೀ ಎಂಬ ಸಾಫ್ಟ್‌ವೇರ್ ಬಂದ ಮೇಲೆ ಮನೆಮಾತಾಯಿತು. ಗಡಿಯಾರದ ಹಾಗೆ 12 ಅಂಕಿ. ಪ್ರತಿ ಅಂಕಿಗೂ ಎರಡು ಅಕ್ಷರ: ಎ ಎಂದರೆ ಮೈನರ್, ಬಿ ಎಂದರೆ ಮೇಜರ್, ಪಶ್ಚಿಮದವರ ಎರಡು ಬಗೆಯ ಸ್ವರಸಾಲು. ಮೈನರ್, ಮೇಜರ್ ಮುಂಚೆ ಬರುವ ಅಕ್ಷರ ಮಾತ್ರ ಷಡ್ಜವಾಗುವ ಸ್ವರದ ಇಂಗ್ಲಿಷ್ ಹೆಸರು. ಎ ಮೈನರ್‌ಗೆ 8ಎ, ಸಿ ಮೇಜರ್‌ಗೆ 8ಬಿ. ನೀವು 8ಎಯಲ್ಲಿದ್ದರೆ 8ಎ, 7ಎ, 9ಎ, 8ಬಿ ಇವು ನಾಲ್ಕು ಸಲೀಸು. ಸಂಗೀತ ಓದದವನೂ ಅಂಕಿ ನೋಡಿ ಕೆಲಸ ಸಾಗಿಸಬಹುದು, ಅದೇ ಇದರ ಗುಟ್ಟು.

ಅಂಕಿ ಒಂದು ಹೆಜ್ಜೆ ಮುಂದೆ ಹೋದರೆ ಷಡ್ಜ ಇದ್ದ ಜಾಗದಿಂದ ಪಂಚಮಕ್ಕೆ ಹೋದ ಹಾಗೆ. ಸಿ ಮೇಜರ್‌ನಿಂದ ಜಿ ಮೇಜರ್‌ಗೆ ಹೋದರೆ ಏಳು ಸ್ವರದಲ್ಲಿ ಬದಲಾಗುವುದು ಒಂದೇ, ಎಫ್ ಹೋಗಿ ಎಫ್ ಶಾರ್ಪ್ ಬರುತ್ತದೆ. ಉಳಿದ ಆರು ಹಾಗೇ ಇರುತ್ತವೆ. ಅದಕ್ಕೇ ಪಕ್ಕದ ಅಂಕಿ ಹಿತ. ಅದೇ ಅರ್ಧ ಸ್ವರ ಮೇಲೆ ಹೋಗಬೇಕಾದರೆ ಚಕ್ರದಲ್ಲಿ ಏಳು ಮನೆ ದಾಟಬೇಕು. ಪೇಟಿಯ ಮೇಲೆ ಪಕ್ಕಪಕ್ಕ ಕೂತವರು ಚಕ್ರದಲ್ಲಿ ಊರಾಚೆ. ಈ ಮಾತು ಮುಂದೆ ಎರಡು ಸಲ ಬೇಕಾಗುತ್ತದೆ.

ಮೊದಲ ಪೆಟ್ಟು: 117 ಮತ್ತು 124

ಹುಬ್ಬಳ್ಳಿಗೆ ಹೋಗುವ ಮೊದಲು ಬೆಂಗಳೂರಿನ ರೂಮಿನಲ್ಲೇ ಕುಣಿತದ ಭಾಗ ಜೋಡಿಸಲು ಕೂತೆ. ಎಲ್ಲ ಟ್ರ್ಯಾಕ್‌ಗಳನ್ನೂ ಕೀ ಹುಡುಕುವ ಪ್ರೋಗ್ರಾಂಗೆ ಕೊಟ್ಟೆ. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ 64ಕ್ಕೂ ಅಂಕಿ ಬಿದ್ದಿತ್ತು.

ಮೊದಲ ಜೋಡಿ 6ಎ ಮತ್ತು 6ಎ. ಎರಡೂ ಜಿ ಮೈನರ್. ಒಂದು 117 ಬಿಪಿಎಂ, ಇನ್ನೊಂದು 124. ನಿಧಾನದ್ದನ್ನು 124ಕ್ಕೆ ಏರಿಸಿ ಸಿಂಕ್ ಮಾಡಿ ಫೇಡರ್ ತಳ್ಳಿದೆ. ಅಯ್ಯೋ. ಎರಡು ಶಂಖ ಒಟ್ಟಿಗೆ ಊದಿದ ಹಾಗಿತ್ತು.

ತಪ್ಪು ಚಕ್ರದ್ದಲ್ಲ, ನನ್ನದು. ಕೀಲಾಕ್ ಆಫ್ ಇತ್ತು. ಕೀಲಾಕ್ ಇಲ್ಲದೆ ವೇಗ ಏರಿಸಿದರೆ ಶ್ರುತಿಯೂ ಏರುತ್ತದೆ, ಹಳೆ ರೆಕಾರ್ಡ್ ಪ್ಲೇಯರಿನ ಹಾಗೆ. ಒಂದು ಅರ್ಧ ಸ್ವರ ಅಂದರೆ ಸುಮಾರು ಶೇಕಡಾ 5.95. ಈಗ 124ನ್ನು 117ರಿಂದ ಭಾಗಿಸಿ ನೋಡಿ: 1.0598. ಲೆಕ್ಕ ಹಾಕಿ ಮಾಡಿದ ಹಾಗೆ ಪೂರ್ತಿ ಅರ್ಧ ಸ್ವರ ಏರಿ ಜಿ ಮೈನರ್ ಹೋಗಿ ಜಿ ಶಾರ್ಪ್ ಮೈನರ್ ಆಗಿತ್ತು. 6ಕ್ಕೆ 7 ಸೇರಿಸಿದರೆ 13, ಗಡಿಯಾರದಲ್ಲಿ 13 ಅಂದರೆ 1. ಲೈಬ್ರರಿಯಲ್ಲಿ 6ಎ ಎಂದು ಬರೆದಿದ್ದರೂ ಸ್ಪೀಕರಿನಿಂದ ಬರುತ್ತಿದ್ದದ್ದು 1ಎ.

ಕೀಲಾಕ್ ಒತ್ತಿದೆ. ಸ್ವರ ಕೂತಿತು. ಆದರೆ ದನಿ ಸ್ವಲ್ಪ ನೀರೊಳಗಿಂದ ಬಂದಂತೆ ಆಯಿತು. ಶೇಕಡಾ ಆರರಷ್ಟು ಎಳೆದರೆ ಡ್ರಮ್ಮಿನ ಮೊನೆ ಸವೆಯುತ್ತದೆ, ಹಾಡುವವರ ಗಂಟಲು ನಡುಗುತ್ತದೆ. ಎರಡೋ ಮೂರೋ ಶೇಕಡಾ ಆದರೆ ಕಿವಿಗೆ ಗೊತ್ತಾಗಲ್ಲ. ಆಮೇಲೆ ಅನ್ನಿಸಿತು, ಶ್ರುತಿ ಏರಿದ್ದನ್ನೇ ಯಾಕೆ ಒಪ್ಪಿಕೊಳ್ಳಬಾರದು? ಕೀಲಾಕ್ ತೆಗೆದೆ. ಅದೇ ಟ್ರ್ಯಾಕನ್ನು 124ರಲ್ಲಿ 1ಎ ಎಂದೇ ಲೆಕ್ಕಕ್ಕೆ ಹಿಡಿದು, ಮುಂದಕ್ಕೆ 2ಎ ಇರುವ ಇನ್ನೊಂದನ್ನು ತಂದಿಟ್ಟೆ. ಯಂತ್ರದ ಕೆಲಸವೇ ಇಲ್ಲದೆ ಹೊಂದಿಕೊಂಡಿತು, ದನಿಯೂ ಗಟ್ಟಿ ಉಳಿಯಿತು. ಅಂದಿನಿಂದ ಲೈಬ್ರರಿಯ ಕಾಮೆಂಟ್ ಜಾಗದಲ್ಲಿ ಎರಡು ಅಂಕಿ ಬರೆಯುತ್ತೇನೆ: ಮೂಲದ ಕೀ, ನಾನು ನುಡಿಸುವ ವೇಗದ ಕೀ.

ಎರಡನೇ ಪೆಟ್ಟು: ಭೈರವಿ

ನಿಜವಾದ ಕತೆ ಹುಬ್ಬಳ್ಳಿಗೆ ಬಂದ ಮೇಲೆ ಶುರುವಾಯಿತು.

ಗೆಳೆಯನೊಬ್ಬ ನನಗಾಗಿ ಒಂದು ತತ್ವಪದ ಹಾಡಿ ಕೊಟ್ಟಿದ್ದ. ಕಿವಿಯಲ್ಲಿ 124ರ ಕ್ಲಿಕ್, ಕೈಯಲ್ಲಿ ಏಕತಾರಿ. ಅವನ ಗಂಟಲು ಎತ್ತರದ್ದು. ಅದರ ಕೆಳಗೆ ಹೌಸ್ ಬೀಟು ಹಾಯಿಸಿ, ಕುಣಿತದ ನಡುವೆ ಇಡುವ ಆಸೆ. ಪ್ರೋಗ್ರಾಂ ಹಾಡಿಗೆ ಕೊಟ್ಟದ್ದು 8ಎ. ನನ್ನ ಹತ್ತಿರ ಒಂದು ಒಳ್ಳೆ ಹೌಸ್ ಟ್ರ್ಯಾಕ್ ಇತ್ತು, ಅದೂ 8ಎ, ಅದೂ 124. ಇದಕ್ಕಿಂತ ಸುಲಭದ ಜೋಡಿ ಇಲ್ಲ ಅಂದುಕೊಂಡೆ.

ಪಡಸಾಲೆಯಲ್ಲಿ ಸ್ಪೀಕರ್ ಹಚ್ಚಿ ಕೇಳಿಸಿದೆ. ಬೇಸ್ ಎ ಸ್ವರದ ಮೇಲೆ ಉರುಳುತ್ತಿತ್ತು. ಮೇಲೆ ಗೆಳೆಯನ ದನಿ ಬಂತು. ಯಾವ ಸ್ವರವೂ ತಪ್ಪಿಲ್ಲ. ಕರ್ಕಶವೂ ಇಲ್ಲ. ಆದರೂ ಹಾಡು ಕೂರುತ್ತಿಲ್ಲ. ಪ್ರತಿ ಸಾಲೂ ಮುಗಿಯುವಾಗ ಮುಗಿಯದೆ ನೇತಾಡುತ್ತದೆ. ಕಾಕಾ ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಿದರು.

"ಏನಲೇ ತಮ್ಮಾ, ಹಾಡಿನ ಸಾ ಎಲ್ಲಿ ಹೋತು?"

"ಎರಡೂ ಒಂದೇ ಕೀ ಐತ್ರಿ ಕಾಕಾ. ಎರಡೂ 8ಎ."

"ಅದೇನ ಎಂಟೋ ಒಂಬತ್ತೋ ನನಗ ಗೊತ್ತಿಲ್ಲ. ಹುಡುಗ ಹಾಡಾಕತ್ತಿದ್ದು ಭೈರವಿ. ಬಿಳಿ ಮೂರರಾಗ ಹಾಡ್ಯಾನ. ನಿನ್ನ ಯಂತ್ರ ಬಿಳಿ ಆರು ಹಿಡದು ಕುಂತೈತಿ."

ಬಿಳಿ ಮೂರು ಅಂದರೆ ಪೇಟಿಯಲ್ಲಿ ಸಿಯಿಂದ ಎಣಿಸಿದರೆ ಮೂರನೇ ಬಿಳಿ ಮನೆ, ಇ ಸ್ವರ. ಬಿಳಿ ಆರು ಅಂದರೆ ಎ. ಕಾಕಾ ಎದ್ದು ಪೇಟಿ ತಂದರು. ಮೊದಲು ಬಿಳಿ ಮೂರು ಮತ್ತು ಬಿಳಿ ಏಳು ಒಟ್ಟಿಗೆ ಒತ್ತಿ ಹಿಡಿದು, ಹೌಸ್ ಟ್ರ್ಯಾಕ್ ನಿಲ್ಲಿಸಿ ಬರೀ ಹಾಡು ಹಾಕಲು ಹೇಳಿದರು. ಇ ಮತ್ತು ಬಿ, ಷಡ್ಜ ಮತ್ತು ಪಂಚಮ. ಹಾಡು ಗಕ್ಕನೆ ನೆಲಕ್ಕೆ ಕೂತಿತು. ಆಮೇಲೆ ಅದೇ ಹಾಡಿಗೆ ಬಿಳಿ ಆರು ಮತ್ತು ಬಿಳಿ ಮೂರು ಹಿಡಿದರು. ಎ ಮತ್ತು ಇ. ಗೆಳೆಯನ ಷಡ್ಜ ಕಣ್ಣೆದುರೇ ಪಂಚಮ ಆಗಿಹೋಯಿತು. ಅವನು ಮನೆಗೆ ಬಂದೆ ಅಂದುಕೊಂಡು ಸಾಲು ಮುಗಿಸುತ್ತಾನೆ, ಬಾಗಿಲು ಮಾತ್ರ ಪಕ್ಕದ ಮನೆಯದು.

ಅಂದು ರಾತ್ರಿ ಕೂತು ಯಾಕೆ ಹೀಗಾಯಿತು ಎಂದು ಬಿಡಿಸಿ ನೋಡಿದೆ. ಪೇಟಿಯ ಬಿಳಿ ಮನೆಗಳನ್ನಷ್ಟೇ ತೆಗೆದುಕೊಳ್ಳಿ. ಒಂದರಿಂದ ಶುರು ಮಾಡಿದರೆ ಬಿಲಾವಲ್ ಥಾಟ್ (ಥಾಟ್ ಅಂದರೆ ರಾಗಗಳ ಸ್ವರಚೌಕಟ್ಟು), ಅದೇ ಮೇಜರ್. ಎರಡರಿಂದ ಕಾಫಿ. ಮೂರರಿಂದ ಭೈರವಿ. ನಾಲ್ಕರಿಂದ ಕಲ್ಯಾಣ್. ಐದರಿಂದ ಖಮಾಜ್. ಆರರಿಂದ ಆಸಾವರಿ, ಅದೇ ಮೈನರ್. ಏಳರಿಂದ ಹೊರಟರೆ ಪಂಚಮವೇ ಸಿಗಲ್ಲ, ಬಿಟ್ಟುಬಿಡಿ. ಹಿಂದೂಸ್ತಾನಿಯಲ್ಲಿ ಇದಕ್ಕೆ ಮೂರ್ಛನಾ ಅನ್ನುತ್ತಾರೆ, ಕರ್ನಾಟಕ ಸಂಗೀತದವರು ಗ್ರಹಭೇದ ಅನ್ನುತ್ತಾರೆ. ಸ್ವರಗಳು ಅವೇ ಏಳು, ಷಡ್ಜ ಮಾತ್ರ ಆರು ಬೇರೆ ಬೇರೆ ಕಡೆ. ಕೀ ಹುಡುಕುವ ಪ್ರೋಗ್ರಾಂ ಹತ್ತಿರ ಇವು ಆರಕ್ಕೂ ಸೇರಿ ಇರುವುದು ಎರಡೇ ಡಬ್ಬಿ: 8ಎ ಮತ್ತು 8ಬಿ.

ಅದರ ಲೆಕ್ಕ ನೋಡಿದರೆ ಬೈಯುವ ಹಾಗೂ ಇಲ್ಲ. ಅದು ಹಾಡನ್ನು ಕೇಳಿ ಹನ್ನೆರಡು ಸ್ವರಗಳಲ್ಲಿ ಯಾವುದು ಎಷ್ಟು ಬಂತು ಎಂದು ರಾಶಿ ಹಾಕುತ್ತದೆ. ಆ ರಾಶಿಯನ್ನು 24 ಅಚ್ಚುಗಳಿಗೆ ಹಿಡಿದು ನೋಡುತ್ತದೆ, 12 ಮೇಜರ್, 12 ಮೈನರ್. ಯಾವುದಕ್ಕೆ ಹೆಚ್ಚು ಹೋಲುತ್ತದೋ ಅದು ಉತ್ತರ. ಇಂಥ ಅಚ್ಚುಗಳ ಪೈಕಿ ಹೆಸರಾದದ್ದು ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಎಡ್ವರ್ಡ್ ಕೆಸ್ಲರ್ 1982ರಲ್ಲಿ ಕೊಟ್ಟದ್ದು. ಜನರಿಗೆ ಒಂದು ಕೀ ಕೇಳಿಸಿ, ಆಮೇಲೆ ಒಂದೊಂದೇ ಸ್ವರ ಕೇಳಿಸಿ, ಇದು ಎಷ್ಟು ಹೊಂದುತ್ತದೆ ಎಂದು ಅಂಕ ಹಾಕಿಸಿದ್ದರು. ಪಶ್ಚಿಮದ ಸಂಗೀತಕ್ಕೆ ಮಾಡಿದ ಕೆಲಸ. ಅದರಲ್ಲಿ ಭೈರವಿಗೆ ಅಚ್ಚೇ ಇಲ್ಲ. ಗೆಳೆಯನ ಹಾಡಿನಲ್ಲಿ ಏಕತಾರಿ ಇ ಸ್ವರವನ್ನೇ ಮೀಟುತ್ತಿದ್ದರೂ, ಕೋಮಲ ರಿಷಭ, ಅಂದರೆ ಎಫ್, ಇ ಮೈನರ್ ಅಚ್ಚಿಗೆ ಕೂರಲಿಲ್ಲ. ಹಾಗಾಗಿ ಹತ್ತಿರದ ಎ ಮೈನರ್ ಡಬ್ಬಿಗೆ ಹಾಕಿತು.

ಅಂದರೆ ಆ ಅಂಕಿ ಯಾವ ಸ್ವರಗಳಿವೆ ಅನ್ನುವುದಷ್ಟೇ ಹೇಳುತ್ತದೆ. ಸಾ ಎಲ್ಲಿದೆ ಅನ್ನುವುದು ನಾವೇ ನೋಡಿಕೊಳ್ಳಬೇಕು. ಹೌಸ್ ಟ್ರ್ಯಾಕಿಗೆ ಹೌಸ್ ಟ್ರ್ಯಾಕ್ ಜೋಡಿಸುವಾಗ ಈ ವ್ಯತ್ಯಾಸ ಅಷ್ಟಾಗಿ ಬಾಧಿಸುವುದಿಲ್ಲ. ಷಡ್ಜವನ್ನು ಹಿಡಿದುಕೊಂಡೇ ಬದುಕುವ ಹಾಡು ಬಂದಾಗ ಎಲ್ಲ ಬಿಚ್ಚಿಕೊಳ್ಳುತ್ತದೆ.

ರಿಪೇರಿ

ಬೆಳಗ್ಗೆ ಎದ್ದು ಇ ಷಡ್ಜಕ್ಕೆ ಹೊಂದುವ ಟ್ರ್ಯಾಕ್ ಹುಡುಕಿದೆ. ಇ ಮೈನರ್ ಅಂದರೆ 9ಎ. ನನ್ನಲ್ಲಿ ನಾಲ್ಕಿದ್ದವು. ಇಲ್ಲೂ ಒಂದು ಮುಳ್ಳು ಇದೆ. ಇ ಮೈನರ್‌ನಲ್ಲಿ ಎಫ್ ಶಾರ್ಪ್ ಇದೆ, ಭೈರವಿಗೆ ಬೇಕಾದ್ದು ಬರೀ ಎಫ್. ಶುದ್ಧ ರಿಷಭ ಮತ್ತು ಕೋಮಲ ರಿಷಭ ಒಟ್ಟಿಗೆ ಬಿದ್ದರೆ ಮುಗೀತು ಕತೆ.

ಹಾಗಾಗಿ ನಾಲ್ಕು ಟ್ರ್ಯಾಕನ್ನೂ ಪೇಟಿ ಮುಂದಿಟ್ಟುಕೊಂಡು ಸ್ವರ ಸ್ವರ ಕೇಳಿದೆ. ಮೂರನೆಯದು ಸಿಕ್ಕಿತು. ಅದರ ಬೇಸ್‌ಲೈನ್‌ನಲ್ಲಿ ಇ, ಜಿ, ಬಿ, ಡಿ ಇಷ್ಟೇ. ಷಡ್ಜ, ಕೋಮಲ ಗಾಂಧಾರ, ಪಂಚಮ, ಕೋಮಲ ನಿಷಾದ. ನಾಲ್ಕೂ ಭೈರವಿಯವೇ. ರಿಷಭದ ಸುದ್ದಿಯೇ ಇಲ್ಲ. ಆದರೆ ಬ್ರೇಕ್‌ಡೌನ್‌ನಲ್ಲಿ, ಅಂದರೆ ಬೀಟು ತಗ್ಗುವ ಜಾಗದಲ್ಲಿ, ಬಿ ಮೈನರ್ ಕಾರ್ಡ್ ಹಿಡಿದ ಒಂದು ಪ್ಯಾಡ್ (ಉದ್ದಕ್ಕೆ ಎಳೆಯುವ ದನಿ) ಬರುತ್ತದೆ. ಅದರೊಳಗೆ ಎಫ್ ಶಾರ್ಪ್ ಅಡಗಿ ಕೂತಿದೆ. ಟ್ರ್ಯಾಕ್ ಶುರುವಾಗಿ ಬ್ರೇಕ್‌ಡೌನ್‌ಗೆ 48 ಬಾರ್ ಇತ್ತು, ನಾಲ್ಕು ಬೀಟಿಗೆ ಒಂದು ಬಾರ್. ಮೊದಲ 8 ಬಾರ್ ಬರೀ ಡ್ರಮ್, ಆಮೇಲೆ 32 ಬಾರ್ ಹಾಡು, ಮತ್ತೆ 8 ಬಾರ್ ಬರೀ ಬೇಸ್. 124ರಲ್ಲಿ 32 ಬಾರ್ ಅಂದರೆ ಸುಮಾರು 62 ಸೆಕೆಂಡ್. ತತ್ವಪದದ ಪಲ್ಲವಿ ಮತ್ತು ಒಂದು ನುಡಿ ಅಷ್ಟರಲ್ಲಿ ಹಿಡಿಯಿತು. ಪ್ಯಾಡ್ ಬರುವ ಹೊತ್ತಿಗೆ ಹಾಡು ಮುಗಿದಿರುತ್ತದೆ. ಹಾಟ್ ಕ್ಯೂ (ಒತ್ತಿದರೆ ನೇರ ಆ ಜಾಗಕ್ಕೆ ಹೋಗುವ ಗುರುತು) ಹಾಕಿ, ಕಾಮೆಂಟಿನಲ್ಲಿ "ಪ್ಯಾಡ್ ಮೊದಲೇ ಹೊರಗೆ" ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಚಕ್ರದ ಪ್ರಕಾರ 8ಎಗೆ 8ಎ ಉತ್ತಮ, 9ಎ ಎರಡನೆಯದು. ನನ್ನ ಕಿವಿಯ ಪ್ರಕಾರ ಇಲ್ಲಿ ಉಲ್ಟಾ.

ಕಾಕಾನಿಗೆ ಕೇಳಿಸಿದೆ. ತಲೆ ಆಡಿಸಿದರು. ಅಷ್ಟಕ್ಕೆ ಬಿಡದೆ ಒಂದು ಪ್ರಶ್ನೆ ಕೇಳಿದೆ. ಏಕೆಂದರೆ ಹಿಂದಿನ ರಾತ್ರಿ ಅವರೇ ಕಂಪನಿ ದಿನಗಳ ಕತೆ ಹೇಳಿದ್ದರು. ನಾಟಕದಲ್ಲಿ ಒಬ್ಬ ನಟ ಕರಿ ಒಂದರಲ್ಲಿ ಹಾಡಿ ಮುಗಿಸುತ್ತಾನೆ, ನಟಿ ಬಂದು ಕರಿ ಮೂರರಲ್ಲಿ ಎತ್ತಿಕೊಳ್ಳುತ್ತಾಳೆ. ಪೇಟಿಯವನು ಜನಕ್ಕೆ ಗೊತ್ತಾಗದ ಹಾಗೆ ದಾಟಿಸಬೇಕು. ಅವರು ಮಾಡುತ್ತಿದ್ದದ್ದು ಸರಳ: ಹಳೆ ಷಡ್ಜವನ್ನು ಹಿಡಿದೇ ಇಟ್ಟು, ಅದನ್ನು ಹೊಸ ಪಂಚಮ ಮಾಡಿ, ಅಲ್ಲಿಂದ ಹೊಸ ಷಡ್ಜಕ್ಕೆ ಇಳಿಯುವುದು. ಕರಿ ಒಂದು ಸಿ ಶಾರ್ಪ್, ಕರಿ ಮೂರು ಎಫ್ ಶಾರ್ಪ್. ಚಕ್ರದಲ್ಲಿ 3ಬಿಯಿಂದ 2ಬಿಗೆ. ಒಂದೇ ಹೆಜ್ಜೆ! ಡಿಜೆಗಳು ಅಂಕಿ ಹಿಡಿದು ಮಾಡುವುದನ್ನು ಈ ಮನುಷ್ಯ ಕಾಲಲ್ಲಿ ತಿದಿ ತುಳಿಯುತ್ತ ಮಾಡಿದ್ದಾರೆ.

"ಅಲ್ರಿ ಕಾಕಾ, ನೀವು ಸಾ ಹೋಗಿ ಪ ಮಾಡಿದ್ರ ಚಂದ, ನಾ ಮಾಡಿದ್ರ ತಪ್ಪಾ?"

"ನಾ ದಾಟಿದ್ನೆಪಾ. ಒಬ್ಬಾಂವ ಬಾಯಿ ಮುಚ್ಚಿದ ಮ್ಯಾಲೆ ಇನ್ನೊಬ್ಬಾಕಿ ಬಾಯಿ ತಗದ್ಲು. ನೀ ಎರಡು ದೋಣ್ಯಾಗ ಕಾಲಿಟ್ಟು ನಿಂತಿ."

ಇದು ನನಗೆ ಬೇಕಾಗಿದ್ದ ಉತ್ತರ. ಅಂದಿನಿಂದ ಹೀಗೆ ಮಾಡಿಕೊಂಡೆ: ಷಡ್ಜ ಒಂದೇ ಆದರೆ 16 ಬಾರ್, 32 ಬಾರ್ ಎಷ್ಟು ಬೇಕಾದರೂ ಒಟ್ಟಿಗೆ ಓಡಿಸುವುದು. ಷಡ್ಜದಿಂದ ಪಂಚಮಕ್ಕೋ ಮಧ್ಯಮಕ್ಕೋ ಹೋಗುವುದಾದರೆ ಹಾಡು ನಿಂತ ಮೇಲೆ, 4ರಿಂದ 8 ಬಾರ್ ಒಳಗೆ ದಾಟಿಬಿಡುವುದು. ಬೇಸ್ ಯಾವಾಗಲೂ ಒಂದರದ್ದೇ. ಇನ್ನೊಂದರ ಲೋ ಈಕ್ಯೂ (ತಗ್ಗು ಸ್ವರದ ಗುಂಡಿ) ಪೂರ್ತಿ ಕೆಳಗೆ.

ಲಗ್ನಪತ್ರಿಕೆಯ ಚಕ್ರ

ಉಳಿದಿದ್ದ ಲಗ್ನಪತ್ರಿಕೆಗಳಲ್ಲಿ ಎರಡನ್ನು ಗುಂಡಗೆ ಕತ್ತರಿಸಿ ನಮ್ಮದೇ ಚಕ್ರ ಮಾಡಿದೆವು. ದಪ್ಪ ಕಾಗದ, ಹಿಂದೆ ಗಣಪತಿ. ದೊಡ್ಡದರ ಅಂಚಿಗೆ ಕ್ಯಾಮೆಲಾಟ್ ಅಂಕಿ, ಚಿಕ್ಕದರ ಮೇಲೆ ಕಾಕಾನ ಭಾಷೆಯ ಮನೆಗಳು, ನಡುವೆ ಡ್ರಾಯಿಂಗ್ ಪಿನ್. ಬಿ ಸಾಲಿನ ಷಡ್ಜ ಬರೆಯುತ್ತ ಹೋದಾಗ ಒಂದು ಚಂದ ಕಂಡಿತು. 7ಬಿಯಿಂದ ಶುರು ಮಾಡಿದರೆ ಬಿಳಿ ನಾಲ್ಕು, ಒಂದು, ಐದು, ಎರಡು, ಆರು, ಮೂರು, ಏಳು. ಏಳೂ ಬಿಳಿ ಮನೆ ಒಂದೇ ಸಾಲಿಗೆ ಮುಗಿದು 1ಬಿಗೆ ಬರುತ್ತದೆ. ಅಲ್ಲಿಂದ ಕರಿ ಮೂರು, ಒಂದು, ನಾಲ್ಕು, ಎರಡು, ಐದು. ಚಕ್ರ ಪೂರ್ತಿ. ಅರ್ಧಕ್ಕಿಂತ ಚೂರು ಹೆಚ್ಚು ಬಿಳಿ, ಉಳಿದದ್ದು ಕರಿ, ಮಧ್ಯೆ ಕಲಬೆರಕೆ ಇಲ್ಲ. ಕಾಕಾನಿಗೆ ಇದು ಎಷ್ಟು ಇಷ್ಟ ಆಯಿತೆಂದರೆ ಕರಿ ಭಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದರು.

ಲೈಬ್ರರಿಗೆ ಹೊಸ ಕಾಲಂ ಸೇರಿಸಿದೆ, ಹೆಸರು "ಸಾ". ಹೌಸ್ ಟ್ರ್ಯಾಕ್‌ಗಳಿಗೆ ಬೇಸ್ ಎಲ್ಲಿ ಬಂದು ನಿಲ್ಲುತ್ತದೋ ಅದು. ಹಾಡುಗಳಿಗೆ ಕಾಕಾ ಹೇಳಿದ್ದು. ಷಡ್ಜ ಹುಡುಕಲು ಅವರ ವಿಧಾನ ನಿಧಾನದ್ದು, ಆದರೆ ಮೋಸ ಇಲ್ಲ: ಪೇಟಿಯಲ್ಲಿ ಒಂದೇ ಮನೆ ಒತ್ತಿ ಹಿಡಿದು ಹಾಡು ಪೂರ್ತಿ ಕೇಳುವುದು. ಎಲ್ಲೂ ಚುಚ್ಚದೆ, ಸಾಲಿನ ಕೊನೆಗೆ ಹಾಡು ಬಂದು ಒರಗುವ ಮನೆ ಯಾವುದೋ ಅದೇ ಸಾ. ಎರಡು ಸಂಜೆ ಹಿಡಿಯಿತು. 19 ಹಾಡುಗಳಲ್ಲಿ ಪ್ರೋಗ್ರಾಂ ಅಂಕಿ ಮತ್ತು ಕಾಕಾನ ಸಾ 11 ಕಡೆ ಕೂಡಿಬಂತು. ಉಳಿದವುಗಳಲ್ಲಿ ಹೆಚ್ಚಿನವು ಇದೇ ಮೂರ್ಛನೆಯ ಗೊಂದಲ. ಒಂದು ಮಾತ್ರ ಭೈರವ್, ಎರಡು ಡಬ್ಬಿಗೂ ಸೇರದ್ದು, ಅದರ ಅಂಕಿ ಅಳಿಸಿಯೇ ಹಾಕಿದೆ.

ಕ್ಯಾಸೆಟ್

ನಿಧಾನದ ಭಾಗಕ್ಕೆ ಕಾಕಾ ಆರಿಸಿದ ಒಂದು ಯುಗಳ ಗೀತೆ ವಿಚಿತ್ರವಾಗಿ ಕಾಡಿತು. ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿದ್ದು. ಪ್ರೋಗ್ರಾಂ ಮೊದಲು 10ಎ ಅಂದಿತು. ಮುಂದಿನ ಖಾಲಿ ಜಾಗ ಕತ್ತರಿಸಿ ಮತ್ತೆ ಕೊಟ್ಟರೆ 3ಎ. ನೆನಪಿದೆಯಲ್ಲ, ಏಳು ಮನೆ ದೂರ ಅಂದರೆ ಅರ್ಧ ಸ್ವರ. ಬಿ ಮೈನರೋ, ಬಿ ಫ್ಲಾಟ್ ಮೈನರೋ ಎಂದು ಅದಕ್ಕೇ ಗೊತ್ತಿಲ್ಲ.

ಪೇಟಿ ಹಿಡಿದರೆ ಕರಿ ಐದಕ್ಕೂ ಕೂರಲ್ಲ, ಬಿಳಿ ಏಳಕ್ಕೂ ಕೂರಲ್ಲ. ಹಾಡಿನಲ್ಲಿ ಕೊಳಲು ಷಡ್ಜದ ಮೇಲೆ ಉದ್ದಕ್ಕೆ ನಿಲ್ಲುವ ಒಂದು ಜಾಗ ಇತ್ತು. ಅಷ್ಟನ್ನೇ ಲೂಪ್ ಮಾಡಿ ಫೋನಿನ ಟ್ಯೂನರ್ ಹಿಡಿದೆ. ಎ ಶಾರ್ಪ್, ಮೇಲೆ 45 ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಅರ್ಧ ಸ್ವರ, ಹಾಗಾಗಿ ಇದು ಹೆಚ್ಚು ಕಡಿಮೆ ಸರೀ ನಡುವೆ. ಟೇಪು ಎಲ್ಲೋ ಒಂದು ಕಡೆ ಜೋರಾಗಿ ಓಡಿದೆ.

ಇಲ್ಲಿ ಕೀಲಾಕ್ ಬೇಡ. ವೇಗ ಮತ್ತು ಶ್ರುತಿ ಜೊತೆಯಲ್ಲೇ ಏರಿದ್ದು, ಜೊತೆಯಲ್ಲೇ ಇಳಿಯಬೇಕು. 45 ಸೆಂಟ್ ಇಳಿಸಲು ಆಡಾಸಿಟಿಯಲ್ಲಿ ಸ್ಪೀಡ್ ಶೇಕಡಾ 2.6 ಕಡಿಮೆ ಮಾಡಿ ಹೊಸ ಫೈಲ್ ತೆಗೆದೆ. 96 ಇದ್ದ ಬಿಪಿಎಂ 93.5 ಆಯಿತು. ಟ್ಯೂನರ್ ಮುಳ್ಳು ನಡುವೆ ನಿಂತಿತು, ಪ್ರೋಗ್ರಾಂ ಕೂಡ ತಕರಾರಿಲ್ಲದೆ 3ಎ ಅಂದಿತು. ಆದರೆ ನಿಜವಾದ ಬದಲಾವಣೆ ಗಾಯಕರ ದನಿಯಲ್ಲಿತ್ತು. ಅಷ್ಟು ದಿನ ಎಳೆಯದಾಗಿ, ಆತುರದಲ್ಲಿ ಹಾಡಿದಂತೆ ಕೇಳುತ್ತಿದ್ದದ್ದು ಎದೆಗೆ ಇಳಿದು ಬಂತು. "ಈಗ ಅವರ ದನಿ ಅವರದಾತು ನೋಡ್" ಎಂದರು ಕಾಕಾ. ಪೆಟ್ಟಿಗೆಯ ಉಳಿದ ಕ್ಯಾಸೆಟ್‌ಗಳನ್ನೂ ನೋಡಿದೆ. ಕೆಲವು 10 ಸೆಂಟ್, ಕೆಲವು 20. ಅಷ್ಟಕ್ಕೆಲ್ಲ ಕೈ ಹಾಕಲಿಲ್ಲ, ಪಿಚ್ ಫೇಡರಿನಲ್ಲೇ ಸರಿಹೋಗುತ್ತದೆ.

ಈ ಯುಗಳ ಗೀತೆಯ ಕೊನೆಗೆ ತಬಲಾ ಲೂಪ್ ಹಾಕಿ ಮುಂದಿನ ಭಾಗಕ್ಕೆ ಹೋಗುವ ಯೋಚನೆ. ತಾಳವಾದ್ಯಕ್ಕೆ ಕೀ ಲೆಕ್ಕ ಇಲ್ಲ ಅನ್ನುವ ಮಾತು ಡಿಜೆಗಳ ನಡುವೆ ಇದೆ. ಡೊಳ್ಳಿಗೆ ಸರಿ. ಡೊಳ್ಳಿನ 16 ಬಾರ್ ನಡುವೆ ಇಟ್ಟರೆ ಯಾವ ಕೀಯಿಂದ ಯಾವ ಕೀಗೆ ಬೇಕಾದರೂ ಹಾರಬಹುದು. ಕುಣಿತದ ಭಾಗದಲ್ಲಿ ಎರಡು ಸಲ ಅದನ್ನೇ ಮಾಡಿದೆ. ತಬಲಾ ಹಾಗಲ್ಲ. ಎಡಗೈಯದು ಡಗ್ಗಾ; ಬಲಗೈಯದನ್ನು ಗಾಯಕರ ಷಡ್ಜಕ್ಕೆ ಬಿಗಿದು ಕೂರಿಸಿರುತ್ತಾರೆ, ಹೊಡೆದರೆ ಸ್ವರ ಸ್ಪಷ್ಟ ಮೊಳಗುತ್ತದೆ. ನನ್ನ ಲೂಪ್ ಬಿಳಿ ಆರರಲ್ಲಿತ್ತು, ಹಾಡು ಕರಿ ಐದರಲ್ಲಿ. ಆಡಾಸಿಟಿಯಲ್ಲಿ ಅರ್ಧ ಸ್ವರ ಏರಿಸಿ, ವೇಗ ಹಾಗೇ 92 ಉಳಿಸಿ, ಬೇರೆ ಫೈಲ್ ಮಾಡಿಟ್ಟೆ. ಮನೆಯ ಪ್ರಾಕ್ಟೀಸಿನಲ್ಲಿ ಒಳ್ಳೆ ಹೊಂದಿಕೆ.

ರಿಸೆಪ್ಷನ್

ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹಾಲ್ ದೊಡ್ಡದು, ಗೋಡೆ ಗುಂಯ್ ಅನ್ನುತ್ತಿತ್ತು. ಕಡಿಮೆ ಸ್ವರಗಳು ಎಲ್ಲಾ ಒಂದೇ ಮುದ್ದೆ. ಮನೆಯಲ್ಲಿ 32 ಬಾರ್ ಇಟ್ಟಿದ್ದ ಕೆಲವು ಜೋಡಣೆಗಳನ್ನು ಅಲ್ಲೇ 16ಕ್ಕೆ ಇಳಿಸಿದೆ. ತತ್ವಪದ ಬಂದಾಗ ಕುಣಿತ ನಿಲ್ಲಲಿಲ್ಲ. ಹುಡುಗರು ಸಿಳ್ಳೆ ಹೊಡೆದರು, ಹಿಂದಿನ ಸಾಲಿನ ಕುರ್ಚಿಗಳಿಂದ ನಾಲ್ಕೈದು ಹಿರಿಯರು ದನಿಗೂಡಿಸಿದರು. ಪ್ಯಾಡ್ ಬರುವ ಮೊದಲು ಹಾಡು ಹೊರಗೆ ಬಂತು. ಅಂದು ನಾನು ನಿಜಕ್ಕೂ ಹೆದರಿದ್ದು ಅದೊಂದಕ್ಕೇ.

ಎರಡು ದಿನ ಬಿಟ್ಟು, ನಾನು ಬೆಂಗಳೂರಿಗೆ ಮರಳಿದ ಮೇಲೆ, ಕಾಕಾನ ವಾಯ್ಸ್ ಮೆಸೇಜ್ ಬಂತು. ಮದುವೆ ಖರ್ಚು, ಉಳಿದ ಬುಂದಿ, ಬೀಗರ ಸುದ್ದಿ ಎಲ್ಲ ಆದ ಮೇಲೆ ಕೊನೆಗೆ: "ಆ ಜೋಡಿ ಹಾಡಿನ ಕಡೀಕ ಡಗ್ಗಾ ಸರಿ ಇತ್ತು, ತಬಲಾ ಏರಿತ್ತಲ್ಲೋ. ಮನ್ಯಾಗ ಹಂಗ ಇರಲಿಲ್ಲ."

ರೆಕಾರ್ಡಿಂಗ್ ತೆಗೆದು ಕೇಳಿದೆ. ಹೌದು, ಏರಿತ್ತು. ಮನೆಯಲ್ಲಿ ಲೂಪನ್ನು ಡೆಕ್‌ನಲ್ಲಿ (ಪೂರ್ತಿ ಹಾಡು ನುಡಿಸುವ ಜಾಗ) ನುಡಿಸಿದ್ದೆ, ಅಲ್ಲಿ ಕೀಲಾಕ್ ಇತ್ತು. ಹಾಲ್‌ನಲ್ಲಿ ಡೆಕ್ ಖಾಲಿ ಇರಲಿ ಎಂದು ಚಿಕ್ಕ ತುಣುಕು ನುಡಿಸುವ ಸ್ಯಾಂಪ್ಲರಿಗೆ ಹಾಕಿದೆ, ಅಲ್ಲಿ ಕೀಲಾಕ್ ಒತ್ತಿರಲಿಲ್ಲ. 92ರ ಲೂಪನ್ನು ಸಿಂಕ್ 93.5ಕ್ಕೆ ಏರಿಸಿದೆ, ಶೇಕಡಾ 1.6. ಟ್ಯೂನರ್ ಲೆಕ್ಕದಲ್ಲಿ 28 ಸೆಂಟ್.

ಲೂಪನ್ನು 93.5ರಲ್ಲೇ ಹೊಸದಾಗಿ ತೆಗೆದು, ಕರಿ ಐದು ಎಂದು ಹೆಸರು ಬರೆದು ಇಟ್ಟಿದ್ದೇನೆ. ಕಾಕಾನಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.